ಎಷ್ಟು ಬಟ್ಟೆ? ಎಂಥ ಬಟ್ಟೆ?

ಹಬ್ಬಕ್ಕೆ ಇನ್ನೊಂದು ವಾರ ಇದೆ ಎನ್ನುವಾಗ ಯಾವುದಾದರೂ ಊರಿನ ಬಟ್ಟೆ ಅಂಗಡಿಗೆ ಹೋಗಿ ನೋಡಿ. ಈದ್ ಇರಲಿ, ಯುಗಾದಿ ಇರಲಿ, ಕ್ರಿಸ್‌ಮಸ್ ಇರಲಿ, ಅಲ್ಲಿ ನಡೆಯುವ ಮಾತುಕತೆ ಒಂದೇ.

"ಇದೊಂದಕ್ಕೇ ಎರಡು ಸಾವಿರವಾ ಅಮ್ಮಿ? ಅಷ್ಟೇ ದುಡ್ಡಿಗೆ ಎದುರಿನ ಅಂಗಡಿಯಲ್ಲಿ ನಾಲ್ಕು ಬರುತ್ತವೆ" ಎನ್ನುತ್ತಾಳೆ ಮಗಳು.

"ನಾಲ್ಕು ಬರುತ್ತವೆ, ಸರಿ. ನಾಲ್ಕು ಸಲ ಒಗೆದ ಮೇಲೆ ಎಷ್ಟು ಉಳಿಯುತ್ತವೆ ಹೇಳು" ಎನ್ನುತ್ತಾಳೆ ತಾಯಿ.

ಮಾತು ನಡೆಯುತ್ತಿರುವಾಗಲೇ ಆಕೆಯ ಕೈ ತನ್ನ ಕೆಲಸ ಮಾಡುತ್ತಿರುತ್ತದೆ. ಬಟ್ಟೆಯ ಅಂಚನ್ನು ಎರಡು ಬೆರಳುಗಳ ನಡುವೆ ಉಜ್ಜಿ ನೋಡುತ್ತಾಳೆ. ಬೆಳಕಿಗೆ ಹಿಡಿದು ನೇಯ್ಗೆ ಎಷ್ಟು ಒತ್ತಾಗಿದೆ ಎಂದು ಪರೀಕ್ಷಿಸುತ್ತಾಳೆ. ಮುಷ್ಟಿಯಲ್ಲಿ ಮುದುಡಿ ಬಿಟ್ಟು ಸುಕ್ಕು ಎಷ್ಟು ಉಳಿಯುತ್ತದೆಂದು ಕಾಯುತ್ತಾಳೆ. ಇನ್ನೂ ಹಿರಿಯರಾದರೆ ಒಂದು ಎಳೆ ಕಿತ್ತು ಬೆಂಕಿಗೆ ಒಡ್ಡುತ್ತಿದ್ದರು. ಹತ್ತಿಯಾದರೆ ಅದು ಕಾಗದದಂತೆ ಉರಿದು ಬೂದಿಯಾಗುತ್ತದೆ. ರೇಷ್ಮೆಯಾದರೆ ಕೂದಲು ಸುಟ್ಟ ವಾಸನೆ ಬರುತ್ತದೆ. ಪಾಲಿಯೆಸ್ಟರ್ ಆದರೆ ಕರಗಿ ಗಟ್ಟಿ ಮಣಿಯಾಗುತ್ತದೆ.

ಇಬ್ಬರಲ್ಲಿ ಯಾರು ಸರಿ? ಮನೆಯಲ್ಲಿ ನಾಲ್ಕು ಮಕ್ಕಳಿದ್ದು ಕೈಯಲ್ಲಿ ಎರಡೇ ಸಾವಿರ ಇದ್ದರೆ ಮಗಳ ಲೆಕ್ಕವೇ ಸರಿ. ಆದ್ದರಿಂದ ಈ ಲೇಖನದ ಉದ್ದೇಶ ಅಗ್ಗದ ಬಟ್ಟೆ ಕೊಳ್ಳುವವರನ್ನು ಹೀಗಳೆಯುವುದಲ್ಲ. ಆದರೆ ಒಂದು ಮಾತನ್ನು ಗಮನಿಸಬೇಕು. ಸಂಖ್ಯೆ ಯಾರ ಕಣ್ಣಿಗಾದರೂ ಕಾಣುತ್ತದೆ. ಗುಣಮಟ್ಟ ಹಾಗಲ್ಲ, ಅದನ್ನು ಬಲ್ಲವರೇ ಗುರುತಿಸಬೇಕು. ಬಟ್ಟೆಯ ಕಳೆದ ಮುನ್ನೂರು ವರ್ಷಗಳ ಇತಿಹಾಸವನ್ನು ನೋಡಿದರೆ, ಗುರುತಿಸುವ ಆ ಬಲ್ಲತನ ಕೊಳ್ಳುವವರ ಕೈಯಿಂದ ಹಂತ ಹಂತವಾಗಿ ಜಾರಿಹೋದ ಕಥೆ ಕಾಣುತ್ತದೆ.

ಬೆರಳು ಬಲ್ಲ ಬಟ್ಟೆ

1800-01ರಲ್ಲಿ, ಟಿಪ್ಪು ಸುಲ್ತಾನ್ ಹುತಾತ್ಮನಾದ ಮರುವರ್ಷ, ಈಸ್ಟ್ ಇಂಡಿಯಾ ಕಂಪೆನಿಯ ಪರವಾಗಿ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯ ಮೈಸೂರು, ಕೆನರಾ ಮತ್ತು ಮಲಬಾರ್ ಪ್ರಾಂತ್ಯಗಳನ್ನು ಸುತ್ತಿದ. ಅವನ ಪ್ರವಾಸ ಕಥನ 1807ರಲ್ಲಿ ಮೂರು ಸಂಪುಟಗಳಲ್ಲಿ ಪ್ರಕಟವಾಯಿತು. ಬೆಂಗಳೂರು ಪೇಟೆಯ ರೇಷ್ಮೆ ಹಾಗೂ ಹತ್ತಿ ನೇಕಾರರ ಬಗ್ಗೆ, ಅವರ ನೂಲು, ಬಣ್ಣ ಮತ್ತು ವ್ಯಾಪಾರದ ಬಗ್ಗೆ ಅದರಲ್ಲಿ ವಿವರವಾದ ದಾಖಲೆಗಳಿವೆ. ಆ ಕಾಲದಲ್ಲಿ ನೇಯುವವನೂ ಉಡುವವನೂ ಬಹಳ ದೂರದವರಾಗಿರಲಿಲ್ಲ. ಕೆಟ್ಟ ಬಣ್ಣ ಹಾಕಿದ ನೇಕಾರ ಮುಂದಿನ ಸಂತೆಯಲ್ಲಿ ಗಿರಾಕಿಯ ಮುಖ ನೋಡಬೇಕಾಗಿತ್ತು.

ಬಟ್ಟೆ ಆಗ ಆಸ್ತಿಯಾಗಿತ್ತು. ಇಳಕಲ್ ಸೀರೆಯನ್ನೇ ನೋಡಿ. ಒಡಲಿನ ಹಾಸು ಎಳೆಗಳನ್ನೂ ಸೆರಗಿನ ಹಾಸು ಎಳೆಗಳನ್ನೂ ಕುಣಿಕೆ ಹಾಕಿ ಒಂದೊಂದಾಗಿ ಜೋಡಿಸುವುದು ಅದರ ವೈಶಿಷ್ಟ್ಯ. ಇಷ್ಟು ಶ್ರಮದಿಂದ ಮಾಡಿದ ವಸ್ತುವನ್ನು ಯಾರೂ ಬೇಗ ಎಸೆಯುತ್ತಿರಲಿಲ್ಲ. ಉಟ್ಟು ಹಳೆಯದಾದ ಸೀರೆ ಮಗುವಿನ ತೊಟ್ಟಿಲಾಗುತ್ತಿತ್ತು, ಆಮೇಲೆ ಪದರ ಪದರವಾಗಿ ಹೊಲಿದು ಕೌದಿಯಾಗುತ್ತಿತ್ತು, ಕೊನೆಗೆ ದೀಪದ ಬತ್ತಿಯೋ ಮಸಿ ಅರಿವೆಯೋ ಆಗಿ ಮುಗಿಯುತ್ತಿತ್ತು. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರದ ಕಡೆಯ ಸಿದ್ದಿ ಮಹಿಳೆಯರು ಇಂದಿಗೂ ಹಳೆ ಬಟ್ಟೆಗಳಿಂದ ಅಂಥ ಕೌದಿಗಳನ್ನು ಹೊಲಿಯುತ್ತಾರೆ. ಸಿದ್ದಿಗಳಲ್ಲಿ ಹಿಂದೂಗಳಿದ್ದಾರೆ, ಮುಸ್ಲಿಮರಿದ್ದಾರೆ, ಕ್ರೈಸ್ತರಿದ್ದಾರೆ. ಕೌದಿ ಮೂವರದೂ ಹೌದು.

ಆದರೆ ಆ ಕಾಲವನ್ನು ಹಾಡಿ ಹೊಗಳುವ ಮುನ್ನ ಇನ್ನೊಂದು ಮುಖವನ್ನೂ ನೋಡಬೇಕು. ಬಟ್ಟೆ ದುಬಾರಿಯಾಗಿದ್ದುದರಿಂದಲೇ ಬಡವರಿಗೆ ಅದು ಸಾಕಷ್ಟು ಸಿಗುತ್ತಿರಲಿಲ್ಲ. ಉಟ್ಟ ಒಂದೇ ಸೀರೆಯನ್ನು ಅರ್ಧ ಒಗೆದು ಒಣಗಿಸಿ, ಆಮೇಲೆ ಉಳಿದರ್ಧ ಒಗೆಯುತ್ತಿದ್ದ ಹೆಂಗಸರ ಕಥೆಗಳನ್ನು ನಮ್ಮ ಅಜ್ಜಿಯರು ಹೇಳುತ್ತಿದ್ದರು. ಆದ್ದರಿಂದ ಬಟ್ಟೆ ಅಗ್ಗವಾದದ್ದು ಕೋಟ್ಯಂತರ ಜನರ ಮಾನ ಕಾಪಾಡಿತು ಎಂಬುದೂ ಸತ್ಯ.

ಸಮುದ್ರ ದಾಟಿದ ಚೀಟಿ ಬಟ್ಟೆ

ಅಗ್ಗದ ವಿದೇಶಿ ಬಟ್ಟೆ ಬಂದು ಸ್ಥಳೀಯ ನೇಕಾರರ ಹೊಟ್ಟೆಗೆ ಹೊಡೆಯಿತು ಎಂದರೆ ನಮಗೆ ಮ್ಯಾಂಚೆಸ್ಟರ್ ನೆನಪಾಗುತ್ತದೆ. ಆದರೆ ಈ ಆರೋಪ ಮೊದಲು ಕೇಳಿಬಂದದ್ದು ಲಂಡನ್ನಿನಲ್ಲಿ, ಅದೂ ಭಾರತದ ಬಟ್ಟೆಯ ವಿರುದ್ಧ!

17ನೆಯ ಶತಮಾನದ ಕೊನೆಯ ಹೊತ್ತಿಗೆ ಭಾರತದ ಅಚ್ಚಿನ ಹತ್ತಿ ಬಟ್ಟೆ, ಅಂದರೆ ನಾವು ಚೀಟಿ ಬಟ್ಟೆ ಎನ್ನುವುದು, ಇಂಗ್ಲೆಂಡಿನ ಮನೆಮನೆ ಸೇರಿತ್ತು. ಕಲ್ಲಿಕೋಟೆಯ ಹೆಸರಿನಿಂದ ಅಲ್ಲಿ ಅದಕ್ಕೆ 'ಕ್ಯಾಲಿಕೊ' ಎಂಬ ಹೆಸರೇ ಬಂದಿತ್ತು. ಅದು ಹಗುರ, ಅಗ್ಗ, ಜೊತೆಗೆ ಒಗೆದರೂ ಬಣ್ಣ ಬಿಡುತ್ತಿರಲಿಲ್ಲ. ಸ್ಫಟಿಕ ಮೊದಲಾದವನ್ನು ಬಳಸಿ ಬಣ್ಣವನ್ನು ಎಳೆಯೊಳಗೇ ಕಚ್ಚಿಸುವ ವಿದ್ಯೆ ಭಾರತದ ಬಣ್ಣಗಾರರಿಗೆ ಕರಗತವಾಗಿತ್ತು. ಯುರೋಪಿನವರಿಗೆ ಅದಿನ್ನೂ ಸರಿಯಾಗಿ ತಿಳಿದಿರಲಿಲ್ಲ.

ಉಣ್ಣೆ ಹಾಗೂ ರೇಷ್ಮೆ ನೇಯುವ ಇಂಗ್ಲಿಷ್ ನೇಕಾರರು ಕೆರಳಿದರು. 1700ರಲ್ಲಿ ಅಚ್ಚಿನ ಬಟ್ಟೆಯ ಆಮದನ್ನು ಅಲ್ಲಿನ ಸಂಸತ್ತು ನಿಷೇಧಿಸಿತು. ಅದೂ ಸಾಲದಾಯಿತು. 1719ರಲ್ಲಿ ಲಂಡನ್ನಿನ ಸ್ಪಿಟಲ್‌ಫೀಲ್ಡ್ಸ್ ನೇಕಾರರು ಬೀದಿಯಲ್ಲಿ ಕ್ಯಾಲಿಕೊ ತೊಟ್ಟ ಹೆಂಗಸರ ಮೇಲೆ ಎರಗಿ ಉಡುಪನ್ನು ಹರಿದು ಹಾಕಿದರು. 1721ರಲ್ಲಿ ಅಂಥ ಬಟ್ಟೆಯನ್ನು ಮಾರುವುದಕ್ಕೂ ತೊಡುವುದಕ್ಕೂ ನಿರ್ಬಂಧ ಬಂತು.

ಇಲ್ಲಿ ಗಮನಿಸಬೇಕಾದ ಅಂಶವಿದೆ. ಆ ಹೆಂಗಸರ ಮುಂದೆ 'ಗುಣವೋ ಸಂಖ್ಯೆಯೋ' ಎಂಬ ಪ್ರಶ್ನೆಯೇ ಇರಲಿಲ್ಲ. ಅವರಿಗೆ ಎರಡೂ ಒಟ್ಟಿಗೆ ಸಿಕ್ಕಿದ್ದವು. ಅವರು ಯಾವ ಜಾಹೀರಾತನ್ನೂ ನಂಬಿರಲಿಲ್ಲ, ಒಗೆದು ನೋಡಿ ಕೊಂಡಿದ್ದರು.

ಗಂಜಿಯೊಳಗಿನ ಜೇಡಿಮಣ್ಣು

ನೂರು ವರ್ಷಗಳಲ್ಲಿ ಕಾಲಚಕ್ರ ತಿರುಗಿತು. ನೂಲುವ, ನೇಯುವ ಯಂತ್ರಗಳು ಬಂದವು. ಕಂಪೆನಿಯ ಆಡಳಿತ ಬಂತು. 19ನೆಯ ಶತಮಾನದಲ್ಲಿ ಲ್ಯಾಂಕಾಶೈರಿನ ಗಿರಣಿ ಬಟ್ಟೆ ಭಾರತದ ಸಂತೆಗಳನ್ನು ತುಂಬಿತು. ನಮ್ಮ ನೇಕಾರರು ಬೀದಿಗೆ ಬಿದ್ದ ಕಥೆ ಎಲ್ಲರಿಗೂ ಗೊತ್ತು. ಕೊಳ್ಳುವವರಿಗೆ ಏನಾಯಿತು ಎಂಬುದು ಅಷ್ಟು ಪರಿಚಿತವಲ್ಲ.

ನೇಯುವಾಗ ಎಳೆ ಹರಿಯದಿರಲೆಂದು ನೂಲಿಗೆ ಗಂಜಿ ಹಾಕುವುದು ಎಲ್ಲ ಕಡೆಯ ಪದ್ಧತಿ. ಅಮೆರಿಕದ ಅಂತರ್ಯುದ್ಧ ನಡೆದ 1861ರಿಂದ 1865ರ ಅವಧಿಯಲ್ಲಿ ಹತ್ತಿಯ ಅಭಾವ ಉಂಟಾಯಿತು. ಆಗ ಲ್ಯಾಂಕಾಶೈರಿನ ಕೆಲವು ಗಿರಣಿಗಳು ಒಂದು ಉಪಾಯ ಕಂಡುಕೊಂಡವು. ಗಂಜಿಗೆ ಬಿಳಿ ಜೇಡಿಮಣ್ಣನ್ನು ಬೆರೆಸಿ ಬಟ್ಟೆಯ ತೂಕ ಹೆಚ್ಚಿಸಿದವು. ಯುದ್ಧ ಮುಗಿದ ಮೇಲೂ ಈ ಚಾಳಿ ನಿಲ್ಲಲಿಲ್ಲ. ಅಂಗಡಿಯಲ್ಲಿ ಮುಟ್ಟಿದರೆ ಬಟ್ಟೆ ದಪ್ಪ, ಭಾರ, ಗಟ್ಟಿಮುಟ್ಟು. ಮನೆಗೆ ತಂದು ಒಮ್ಮೆ ಒಗೆದರೆ ಮಣ್ಣೆಲ್ಲ ನೀರುಪಾಲಾಗಿ ಜಾಳುಜಾಳಾದ ಜಾಲರಿ ಉಳಿಯುತ್ತಿತ್ತು. ಹಡಗಿನ ತೇವಕ್ಕೆ ಇಂಥ ಬಟ್ಟೆ ಬೂಷ್ಟು ಹಿಡಿಯುತ್ತಿತ್ತು. ಭಾರತ, ಚೀನಾಗಳ ವ್ಯಾಪಾರಿಗಳು ದೂರಿನ ಮೇಲೆ ದೂರು ಕೊಟ್ಟರು.

ತಲೆತಲಾಂತರದಿಂದ ನಂಬಿದ್ದ ಬೆರಳು ಮೋಸಹೋದದ್ದು ಹೀಗೆ. ಅಳತೆಯಲ್ಲೂ ಮೋಸವಿತ್ತು. 1889ರ ಭಾರತೀಯ ಸರಕು ಮುದ್ರೆ ಕಾಯಿದೆಯು ಗಿರಣಿ ಬಟ್ಟೆಯ ಥಾನಿನ ಮೇಲೆ ಅದರ ಉದ್ದವನ್ನು ಗಜಗಳಲ್ಲಿ ಅಚ್ಚೊತ್ತಬೇಕೆಂದು ಕಡ್ಡಾಯ ಮಾಡಿತು. ಅದೇ ಕಾಲದಲ್ಲಿ ಥಾನುಗಳ ಮೇಲೆ ಬಣ್ಣಬಣ್ಣದ ಚೀಟಿಗಳು ಕಾಣಿಸಿಕೊಂಡವು. ದೇವದೇವತೆಯರು, ರಾಜರು, ಆನೆ, ಹುಲಿ ಹೀಗೆ ನಾನಾ ಚಿತ್ರಗಳು. ಓದು ಬಾರದ ಗಿರಾಕಿ ಆ ಚಿತ್ರ ನೋಡಿ ಬಟ್ಟೆ ಕೇಳುತ್ತಿದ್ದ. ಎಳೆಯನ್ನು ನೋಡುತ್ತಿದ್ದ ಕಣ್ಣು ಚೀಟಿಯ ಚಿತ್ರವನ್ನು ನೋಡತೊಡಗಿತು. ಇಂದಿನ 'ಬ್ರ್ಯಾಂಡ್' ಎಂಬುದರ ಬೇರನ್ನು ಅಲ್ಲಿ ಕಾಣಬಹುದು.

ಖಾದಿ ಎತ್ತಿದ ಪ್ರಶ್ನೆ

1921ರ ಜುಲೈ 31ರಂದು ಮುಂಬಯಿಯಲ್ಲಿ ಗಾಂಧೀಜಿಯವರ ಸಮ್ಮುಖದಲ್ಲಿ ವಿದೇಶಿ ಬಟ್ಟೆಯ ರಾಶಿಗೆ ಬೆಂಕಿ ಬಿತ್ತು. ಅದರ ಜಾಗದಲ್ಲಿ ಅವರು ಕೊಟ್ಟ ಖಾದಿ ಆಗ ಒರಟು, ಭಾರ ಮತ್ತು ಗಿರಣಿ ಬಟ್ಟೆಗಿಂತ ದುಬಾರಿ. ನಯವನ್ನೇ ಗುಣ ಎನ್ನುವುದಾದರೆ ಖಾದಿ ಸೋತಿತ್ತು. ಸಂಖ್ಯೆಯ ಲೆಕ್ಕದಲ್ಲೂ ಸೋತಿತ್ತು. ಆದರೂ ಲಕ್ಷಾಂತರ ಜನ ಅದನ್ನು ತೊಟ್ಟರು. ಏಕೆಂದರೆ ಖಾದಿ ಗುಣಮಟ್ಟ ಎಂಬ ಮಾತಿಗೆ ಹೊಸದೊಂದು ಅರ್ಥ ಸೇರಿಸಿತು. ಬಟ್ಟೆಗೆ ಕೊಟ್ಟ ದುಡ್ಡು ಯಾರ ಮನೆಯ ಒಲೆ ಹೊತ್ತಿಸುತ್ತದೆ ಎಂಬುದೂ ಬಟ್ಟೆಯ ಗುಣವೇ ಎಂದಿತು. ನಂಜನಗೂಡು ತಾಲೂಕಿನ ಬದನವಾಳದಂಥ ಹಳ್ಳಿಗಳಲ್ಲಿ ಹೆಂಗಸರು ನೂತ ನೂಲಿಗೆ ಮಾರುಕಟ್ಟೆ ಸಿಕ್ಕಿತು. 1927ರಲ್ಲಿ ಗಾಂಧೀಜಿ ಅಲ್ಲಿಗೆ ಭೇಟಿ ಕೊಟ್ಟರು.

ಖಾದಿಗೂ ಕಲಬೆರಕೆಯ ಕಾಟ ತಪ್ಪಲಿಲ್ಲ. ಗಿರಣಿಗಳೇ ಖಾದಿಯಂತೆ ಕಾಣುವ ಒರಟು ಬಟ್ಟೆ ತಯಾರಿಸಿ ಮಾರತೊಡಗಿದವು. ಹಾಗಾಗಿ 1925ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ಚರಕ ಸಂಘವು ನಿಜವಾದ ಖಾದಿ ಮಾರುವವರಿಗೆ ಪ್ರಮಾಣಪತ್ರ ಕೊಡಬೇಕಾಯಿತು. ಬೆರಳಿನ ಜ್ಞಾನದ ಜಾಗಕ್ಕೆ ಮುದ್ರೆ ಬರುವುದು ಇಲ್ಲಿಂದ ಮುಂದೆ ಅನಿವಾರ್ಯವಾಯಿತು.

ಮೈಸೂರು ಸಂಸ್ಥಾನ ತನ್ನದೇ ದಾರಿ ಹಿಡಿದಿತ್ತು. ಟಿಪ್ಪುವಿನ ಕಾಲದಲ್ಲಿ ಬಂಗಾಳದಿಂದ ರೇಷ್ಮೆ ಹುಳು ತರಿಸಿ ಬೆಳೆಸಿದ ನಾಡು ಇದು. 1912ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಮೈಸೂರಿನಲ್ಲಿ ರೇಷ್ಮೆ ನೇಯ್ಗೆ ಕಾರ್ಖಾನೆ ತೆರೆದರು. ಆ ಪರಂಪರೆಯ ಸರಕಾರಿ ಮೈಸೂರು ರೇಷ್ಮೆ ಸೀರೆಗೆ ಇಂದು ಪ್ರತಿಯೊಂದಕ್ಕೂ ಪ್ರತ್ಯೇಕ ಸಂಖ್ಯೆ ಇರುತ್ತದೆ. ಅಪ್ಪಟ ರೇಷ್ಮೆಗೆ 2004ರಿಂದ 'ಸಿಲ್ಕ್ ಮಾರ್ಕ್', ಕೈಮಗ್ಗಕ್ಕೆ 2006ರಿಂದ 'ಹ್ಯಾಂಡ್‌ಲೂಮ್ ಮಾರ್ಕ್' ಬಂದಿವೆ. ಇವು ಒಳ್ಳೆಯ ವ್ಯವಸ್ಥೆಗಳೇ. ಆದರೆ ವಿದ್ಯುತ್ ಮಗ್ಗದಲ್ಲಿ ನೇಯ್ದ ನಕಲಿ ಇಳಕಲ್ ಸೀರೆಯನ್ನು ಅಸಲಿಯ ಪಕ್ಕದಲ್ಲಿಟ್ಟರೆ ನಮ್ಮಲ್ಲಿ ಎಷ್ಟು ಜನ ವ್ಯತ್ಯಾಸ ಹೇಳಬಲ್ಲೆವು?

ಫಾರಿನ್ ಬಟ್ಟೆಯ ಕಾಲ

ಗುಣಮಟ್ಟದ ಕಲ್ಪನೆ ಕಾಲಕ್ಕೆ ತಕ್ಕಂತೆ ಹೇಗೆ ತಿರುವುಮುರುವಾಗುತ್ತದೆ ಎಂಬುದಕ್ಕೆ ದೂರ ಹೋಗಬೇಕಾಗಿಲ್ಲ. 1970-80ರ ದಶಕಗಳಲ್ಲಿ ಕರಾವಳಿಯ ಅನೇಕ ಮನೆಗಳ ಗಂಡಸರು ಕೊಲ್ಲಿ ರಾಷ್ಟ್ರಗಳಿಗೆ ದುಡಿಯಲು ಹೋದರು. ರಜೆಗೆ ಬರುವಾಗ ಪೆಟ್ಟಿಗೆಯ ತುಂಬ ನೈಲಾನ್, ಪಾಲಿಯೆಸ್ಟರ್ ಬಟ್ಟೆ, ಸೆಂಟಿನ ಬಾಟಲಿ, ಸೋಪು ತರುತ್ತಿದ್ದರು. 'ಫಾರಿನ್ ಬಟ್ಟೆ' ಎಂದರೆ ಊರಿಗೇ ಬೆರಗು. ಇಸ್ತ್ರಿ ಬೇಡ, ಬೇಗ ಒಣಗುತ್ತದೆ, ಹರಿಯುವುದೇ ಇಲ್ಲ. ಅದರ ಮುಂದೆ ಹತ್ತಿ ಸೀರೆ ಬಡವರ ಬಟ್ಟೆಯಾಯಿತು. ಹೊಲ, ಬೀಡಿ, ಅಡುಗೆಮನೆಗಳ ನಡುವೆ ದುಡಿಯುವ ಹೆಂಗಸಿಗೆ ಬೇಗ ಒಣಗುವ ಸೀರೆ ನಿಜವಾಗಿಯೂ ಒಂದು ಬಿಡುಗಡೆಯಾಗಿತ್ತು.

1985ರ ಜವಳಿ ನೀತಿಯ ನಂತರ ಕೃತಕ ನೂಲು ದೇಶದೊಳಗೇ ಅಗ್ಗವಾಯಿತು. ಅದೇ ವರ್ಷ ಕೈಮಗ್ಗಕ್ಕೆ 22 ಬಗೆಯ ಬಟ್ಟೆಗಳನ್ನು ಮೀಸಲಿಡುವ ಕಾಯಿದೆಯೂ ಬಂತು. ಮುಂದೆ ಆ ಪಟ್ಟಿ 11ಕ್ಕೆ ಇಳಿಯಿತು. ಇಂದು ಲೆಕ್ಕ ತಲೆಕೆಳಗಾಗಿದೆ. ಪಾಲಿಯೆಸ್ಟರ್ ಅಗ್ಗದ ರಾಶಿಯಲ್ಲಿದೆ, ಕೈಮಗ್ಗದ ಹತ್ತಿ ಗಾಜಿನ ಕಪಾಟಿನಲ್ಲಿದೆ!

ಮುಖಕ್ಕೆ ಹಚ್ಚುವುದು

ಬಟ್ಟೆಯ ವಿಷಯದಲ್ಲಿ ಮೋಸಹೋದರೆ ದುಡ್ಡು ಹೋಗುತ್ತದೆ. ಸೌಂದರ್ಯವರ್ಧಕಗಳ ವಿಷಯದಲ್ಲಿ ಹೋಗುವುದು ಕಣ್ಣು, ಚರ್ಮ, ಕೆಲವೊಮ್ಮೆ ಪ್ರಾಣ. ಇಲ್ಲಿ ಬೆರಳಿನ ಪರೀಕ್ಷೆ ಸ್ವಲ್ಪವೂ ನಡೆಯುವುದಿಲ್ಲ. ಹಿಂದಿನ ಕಾಲದಲ್ಲಿ ಎಲ್ಲವೂ ಶುದ್ಧವಾಗಿತ್ತು ಎಂದುಕೊಳ್ಳುವುದೂ ಭ್ರಮೆ. ಯುರೋಪಿನ ಶ್ರೀಮಂತ ಮಹಿಳೆಯರು ಶತಮಾನಗಳ ಕಾಲ ಮುಖಕ್ಕೆ ಹಚ್ಚಿದ ಅತ್ಯಂತ ದುಬಾರಿ ಬಿಳಿ ಲೇಪ ಸೀಸದ ವಿಷವಾಗಿತ್ತು. ನಮ್ಮ ಮನೆಗಳ ಸುರ್ಮಾದಲ್ಲೂ ಅನೇಕ ವೇಳೆ ಸೀಸದ ಅದಿರೇ ಇರುತ್ತಿತ್ತು. ದುಬಾರಿಯಾದದ್ದೆಲ್ಲ ಒಳ್ಳೆಯದಲ್ಲ, ಹಳೆಯದೆಲ್ಲ ನಿರಪಾಯಕಾರಿಯೂ ಅಲ್ಲ.

1933ರ ಸುಮಾರಿಗೆ ಅಮೆರಿಕದಲ್ಲಿ 'ಲ್ಯಾಶ್ ಲೂರ್' ಎಂಬ ರೆಪ್ಪೆಯ ಬಣ್ಣ ಮಾರಾಟದಲ್ಲಿತ್ತು. ಅದನ್ನು ಹಚ್ಚಿಕೊಂಡ ಮಹಿಳೆಯರಲ್ಲಿ ಕೆಲವರ ಕಣ್ಣು ಹುಣ್ಣಾಯಿತು, ಕುರುಡುತನ ಬಂತು, ಸಾವೂ ಸಂಭವಿಸಿತು. ಅಲ್ಲಿನ 1906ರ ಕಾಯಿದೆ ಆಹಾರ ಮತ್ತು ಔಷಧಗಳಿಗೆ ಮಾತ್ರ ಅನ್ವಯಿಸುತ್ತಿತ್ತು. ಆದ್ದರಿಂದ ಅದನ್ನು ಅಂಗಡಿಯಿಂದ ತೆಗೆಸುವ ಅಧಿಕಾರವೇ ಸರಕಾರಕ್ಕೆ ಇರಲಿಲ್ಲ. 1938ರಲ್ಲಿ ಹೊಸ ಕಾಯಿದೆ ಬಂದ ಮೇಲಷ್ಟೇ ಸೌಂದರ್ಯವರ್ಧಕಗಳು ಕಾನೂನಿನ ಕೈಗೆ ಸಿಕ್ಕವು.

ಆ ಬಣ್ಣದಲ್ಲಿದ್ದ ರಾಸಾಯನಿಕದ ಹೆಸರು ಪ್ಯಾರಾಫಿನೈಲೀನ್‌ಡೈಅಮೀನ್. ಇದು ನಮಗೆ ಸಂಬಂಧವಿಲ್ಲದ ಹಳೆಯ ಕಥೆ ಎಂದುಕೊಳ್ಳಬೇಡಿ. ಈದ್ ಮತ್ತು ಮದುವೆಯ ಕಾಲದಲ್ಲಿ ಮಾರಾಟಕ್ಕೆ ಬರುವ 'ಕಪ್ಪು ಮೆಹಂದಿ' ಕೋನ್‌ಗಳಲ್ಲಿ ಪತ್ತೆಯಾಗುತ್ತಿರುವುದೂ ಇದೇ ರಾಸಾಯನಿಕ. ನಿಜವಾದ ಮದರಂಗಿ ಎಲೆ ಕೊಡುವುದು ಕಿತ್ತಳೆ ಛಾಯೆಯ ಕಂದು ಬಣ್ಣವನ್ನು. ಅದಕ್ಕೆ ಗಂಟೆಗಟ್ಟಲೆ ಕಾಯಬೇಕು. ಹತ್ತು ನಿಮಿಷದಲ್ಲಿ ಕಡುಕಪ್ಪು ಬಣ್ಣ ಬಂದರೆ ಅದು ಎಲೆಯ ಕೆಲಸವಲ್ಲ ಎಂದು ತಿಳಿಯಬೇಕು. ಮರುದಿನ ಮದುಮಗಳ ಕೈಯಲ್ಲಿ ಗುಳ್ಳೆ ಎದ್ದ ಮೇಲೆ ತಿಳಿದು ಪ್ರಯೋಜನವಿಲ್ಲ.

ಬಿಳುಪಿನ ಮೋಹದ ಪರಿಣಾಮ ಇನ್ನೂ ಘೋರ. 2021ರಿಂದ 2023ರ ಅವಧಿಯಲ್ಲಿ ಕೇರಳದ ಮಲಪ್ಪುರಂ ಜಿಲ್ಲೆಯ ವೈದ್ಯರು ಒಂದು ಬಗೆಯ ಅಪರೂಪದ ಮೂತ್ರಪಿಂಡದ ಕಾಯಿಲೆಯ 15 ರೋಗಿಗಳನ್ನು ಪರಿಶೀಲಿಸಿದರು. ಅವರಲ್ಲಿ 13 ಮಂದಿ ಮುಖ ಬೆಳ್ಳಗಾಗಿಸುವ ಕ್ರೀಮು ಬಳಸಿದವರಾಗಿದ್ದರು. ಇಂಥ ಕ್ರೀಮುಗಳಿಗೆ ಬೆರೆಸುವ ಪಾದರಸ ಚರ್ಮದ ಮೂಲಕ ದೇಹ ಸೇರಿ ಮೂತ್ರಪಿಂಡವನ್ನು ಹಾಳುಮಾಡುತ್ತದೆ. ಡಬ್ಬಿಯ ಮೇಲೆ ತಯಾರಕರ ವಿಳಾಸ, ಪರವಾನಗಿ ಸಂಖ್ಯೆ, ಪದಾರ್ಥಗಳ ಪಟ್ಟಿ ಇಲ್ಲದಿದ್ದರೆ ಅದು ಎಷ್ಟೇ ಅಗ್ಗವಾಗಿರಲಿ, ಎಷ್ಟೇ ದುಬಾರಿಯಾಗಿರಲಿ, ಮನೆಯೊಳಗೆ ಬರಬಾರದು.

ನಾಲ್ಕರ ಬೆಲೆ ತೆತ್ತವರು

ಬೆರಳಿಗೂ ಸಿಗದ, ಯಾವ ಮುದ್ರೆಯೂ ಹೇಳದ ಇನ್ನೊಂದು ಗುಣವಿದೆ. ಅದು ಹೊಲಿದವರ ಬದುಕು.

ಢಾಕಾ ಒಂದು ಕಾಲದಲ್ಲಿ ಜಗತ್ತಿನ ಅತ್ಯಂತ ನವಿರಾದ ಮಸ್ಲಿನ್ ಬಟ್ಟೆಗೆ ಹೆಸರಾಗಿತ್ತು. ಅದೇ ಢಾಕಾದ ಹೊರವಲಯದ ಸಾವಾರ್‌ನಲ್ಲಿ 2013ರ ಏಪ್ರಿಲ್ 24ರಂದು ರಾಣಾ ಪ್ಲಾಜಾ ಎಂಬ ಎಂಟು ಅಂತಸ್ತಿನ ಕಟ್ಟಡ ಕುಸಿಯಿತು. ಹಿಂದಿನ ದಿನವೇ ಗೋಡೆಗಳಲ್ಲಿ ಬಿರುಕು ಕಂಡಿತ್ತು. ಕೆಳಗಿನ ಬ್ಯಾಂಕು, ಅಂಗಡಿಗಳು ಮುಚ್ಚಿದವು. ಮೇಲಿನ ಗಾರ್ಮೆಂಟ್ಸ್ ಕಾರ್ಮಿಕರನ್ನು ಮಾತ್ರ ಕೆಲಸಕ್ಕೆ ಕರೆಯಲಾಯಿತು. ಸತ್ತವರು 1,134 ಮಂದಿ. ಪಾಶ್ಚಾತ್ಯ ದೇಶಗಳ ಅಂಗಡಿಗಳಿಗೆ ಅಗ್ಗದ ಉಡುಪು ಹೊಲಿಯುತ್ತಿದ್ದ ಕೈಗಳವು.

ನಮ್ಮ ಬೆಂಗಳೂರು ಕೂಡ ಇಂಥ ಉಡುಪುಗಳ ಊರೇ. ಇಲ್ಲಿನ ಗಾರ್ಮೆಂಟ್ಸ್ ಕಾರ್ಖಾನೆಗಳಲ್ಲಿ ದುಡಿಯುವವರಲ್ಲಿ ಬಹುಪಾಲು ಮಹಿಳೆಯರು, ಎಲ್ಲ ಜಾತಿ ಧರ್ಮಗಳವರು. ಭವಿಷ್ಯನಿಧಿಯ ಹಣ ಹಿಂಪಡೆಯುವುದಕ್ಕೆ ನಿರ್ಬಂಧ ಹೇರುವ ಕೇಂದ್ರದ ನಿಯಮದ ವಿರುದ್ಧ 2016ರ ಏಪ್ರಿಲ್ 18 ಮತ್ತು 19ರಂದು ಅವರು ಸಾವಿರಾರು ಸಂಖ್ಯೆಯಲ್ಲಿ ಬೀದಿಗಿಳಿದರು. ಕೇಂದ್ರ ಸರಕಾರ ಆ ನಿಯಮವನ್ನು ಹಿಂತೆಗೆದುಕೊಂಡಿತು. ಸಂಬಳ ಕಡಿಮೆ ಇರುವವರಿಗೆ ಆ ಹಣವೇ ಮಗಳ ಮದುವೆ, ಮಗನ ಓದು, ಆಸ್ಪತ್ರೆಯ ಬಿಲ್ಲು. ಹಬ್ಬಕ್ಕೆ ತಮ್ಮ ಮಕ್ಕಳಿಗೆ ಅವರೂ ರಸ್ತೆಬದಿಯ ರಾಶಿಯಿಂದಲೇ ಬಟ್ಟೆ ಆರಿಸುತ್ತಾರೆ. ಇಡೀ ದಿನ ದುಬಾರಿ ಅಂಗಿ ಹೊಲಿಯುವ ಕೈಗೆ ಅಂಥ ಒಂದು ಅಂಗಿ ಕೊಳ್ಳಲಾಗದು. ಅವರಿಗೆ 'ಕಡಿಮೆ ಕೊಳ್ಳಿ, ಒಳ್ಳೆಯದು ಕೊಳ್ಳಿ' ಎಂದು ಉಪದೇಶಿಸುವ ಹಕ್ಕು ನಮಗಿಲ್ಲ. ಆ ಮಾತು ಆಯ್ಕೆ ಇರುವವರಿಗೆ ಮಾತ್ರ, ಅಂದರೆ ಕಪಾಟು ತುಂಬಿದ್ದರೂ 'ತೊಡಲು ಬಟ್ಟೆಯೇ ಇಲ್ಲ' ಎನ್ನುವ ನಮ್ಮಂಥವರಿಗೆ.

ಕಳೆದುಹೋದ ಬಲ್ಲತನವನ್ನು ಸ್ವಲ್ಪವಾದರೂ ಮರಳಿ ಪಡೆಯುವುದು ಕಷ್ಟವೇನಲ್ಲ. ಕೊಳ್ಳುವ ಮುನ್ನ ಬಟ್ಟೆಯನ್ನು ಒಳಮಗ್ಗುಲು ತಿರುಗಿಸಿ ಹೊಲಿಗೆ ನೋಡಿ. ಅಗಲ ಮಾಡಿಸಲು ಬಟ್ಟೆ ಬಿಟ್ಟಿದ್ದಾರೆಯೇ ಗಮನಿಸಿ. ಬೆಲೆಯನ್ನು ಎಷ್ಟು ಸಲ ತೊಡುತ್ತೇವೆ ಎಂಬುದರಿಂದ ಭಾಗಿಸಿ. ಎರಡು ಸಾವಿರದ ಒಂದನ್ನು ನೂರು ಸಲ ತೊಟ್ಟರೆ ಸಲಕ್ಕೆ ಇಪ್ಪತ್ತು ರೂಪಾಯಿ. ಐನೂರರ ಒಂದು ಹತ್ತು ಸಲಕ್ಕೆ ಹರಿದರೆ ಸಲಕ್ಕೆ ಐವತ್ತು. ಇದು ನಮ್ಮ ಅಜ್ಜಿಯರು ಕಾಗದ ಪೆನ್ಸಿಲು ಇಲ್ಲದೆ ಮಾಡುತ್ತಿದ್ದ ಲೆಕ್ಕ.

ಮತ್ತೆ ಆ ಅಂಗಡಿಗೆ ಬರೋಣ. ತಾಯಿ ಇನ್ನೂ ಬಟ್ಟೆಯ ಅಂಚನ್ನು ಉಜ್ಜಿ ನೋಡುತ್ತಿದ್ದಾಳೆ, ಮಗಳು ಗಡಿಯಾರ ನೋಡುತ್ತಿದ್ದಾಳೆ. ಕೊನೆಗೆ ಅವರು ಒಂದನ್ನು ಕೊಳ್ಳಲಿ, ನಾಲ್ಕನ್ನು ಕೊಳ್ಳಲಿ, ಅದು ಅವರ ಕಿಸೆಗೆ ಬಿಟ್ಟದ್ದು. ಆದರೆ ಹೊರಡುವ ಮುನ್ನ ತಾಯಿ ಮಗಳ ಕೈ ಹಿಡಿದು ಆ ಅಂಚಿನ ಮೇಲೆ ಇರಿಸಿ "ಇಲ್ಲಿ ಮುಟ್ಟಿ ನೋಡು" ಎನ್ನಬೇಕು. ಆ ಒಂದು ಪಾಠ ಮಗಳಿಗೆ ಸಿಗದಿದ್ದರೆ ಮುಂದಿನ ಹಬ್ಬದ ಹೊತ್ತಿಗೆ ಅವಳಿಗೆ ಎಣಿಸುವುದೊಂದೇ ಉಳಿಯುತ್ತದೆ.